ಸ್ವಚ್ಛ ಮಾಡಿಸಿದ ಲ್ಯಾಪ್‌ಟಾಪು

ನಮ್ಮವರು ತೀರಿಕೊಂಡ ಮಾರನೆಯ ದಿನ, ಹಾರ ಹಾಕಲು ಒಂದು ಒಳ್ಳೆಯ ಫೋಟೋ ಬೇಕೆಂದು ನನ್ನ ಮೈದುನ ಅವರ ಲ್ಯಾಪ್‌ಟಾಪು ತೆರೆದ. ಪರದೆ ಬೆಳಗಿದ್ದೇ ತಡ, ನಟ್ಟನಡುವೆ ಒಂದು ಕೆಂಪು ಪೆಟ್ಟಿಗೆ ಬಂದು ಕುಳಿತಿತು. ನಿಮ್ಮ ರಕ್ಷಣೆಯ ಅವಧಿ ಮುಗಿದಿದೆ, ಈಗಲೇ ಮುಂದುವರಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ವೈರಸ್ ಕಾಯಲೆಂದು ಕಂಪನಿಯವರೇ ಮೊದಲೇ ತುಂಬಿ ಕಳಿಸಿದ್ದ ಸಾಮಾನು ಅದು. ಅದರ ಪುಕ್ಕಟೆ ದಿನಗಳು ಮುಗಿದು ಎಷ್ಟೋ ಕಾಲವಾಗಿತ್ತು. ಮೈದುನ ಮುಚ್ಚಿದ, ಅದು ಮತ್ತೆ ಬಂತು. ಮತ್ತೆ ಮುಚ್ಚಿದ, ಮತ್ತೆ ಬಂತು. "ಮೊದಲ ಅದರ ಬಾಯಿ ಮುಚ್ಚಸೋ!" ಎಂದು ನಾನು ಒದರಿಬಿಟ್ಟೆ. ಅಳಲು ಬಂದು ಕುಳಿತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಗಂಡ ಹೋದ ಮರುದಿನವೂ ಇವಳ ಬಾಯಿ ಸುಮ್ಮನಿರಲಿಲ್ಲ ಎಂದುಕೊಂಡಿರಬೇಕು.

ಅವರು ಠಾಣಾ ಕುಶನೂರಿನ ಕಡೆ ಒಂದು ಸಾಲೆಯಲ್ಲಿ ಮಾಸ್ತರರಾಗಿದ್ದರು. ಮೇಲಿಂದ ಮೇಲೆ ಬರ ಬಿದ್ದ ವರ್ಷಗಳವು. ತೊಗರಿ ಮೊಣಕಾಲೆತ್ತರಕ್ಕೆ ಬಂದು ಒಣಗಿತು, ಸೋಯಾ ಮೊಳೆಯಲೇ ಇಲ್ಲ. ಟ್ಯಾಂಕರು ಬಂದ ದಿನ ಸ್ನಾನ, ಬಾರದ ದಿನ ಬರೀ ಮುಖ ತೊಳೆಯುವುದು. ಕೂಲಿಯ ಮಂದಿ ಹಾಸಿಗೆ ಸುತ್ತಿಕೊಂಡು, ಬುಟ್ಟಿಯಲ್ಲಿ ತವೆ ಪಾತ್ರೆ ಇಟ್ಟುಕೊಂಡು ಬಸ್ಸು ಹತ್ತಿದರು. ಕೆಲವರು ಭಾಲ್ಕಿಗೆ ಹೋಗಿ ರೈಲು ಹಿಡಿದರು. ಹೈದರಾಬಾದಿಗೆ ಹೆಚ್ಚು, ಪುಣೆಗೆ ಸ್ವಲ್ಪ. ದೊಡ್ಡವರ ಸಂಗಡ ಮಕ್ಕಳೂ ಹೋದರು. ನಮ್ಮವರ ಸಾಲೆಯಲ್ಲಿ ಹಾಜರಿ ಕೂಗಿದರೆ ಉತ್ತರ ಕೊಡುವವರಿಗಿಂತ ಸುಮ್ಮನಿರುವ ಹೆಸರುಗಳೇ ಜಾಸ್ತಿ. ಅವರು ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಆಮೇಲೆ ಒಂದು ದಿನ ಹುರುಪಿನಿಂದ ಬಂದವರೇ ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಲ್ಯಾಪ್‌ಟಾಪಿನ ಮುಂದೆ ಕುಳಿತು ಪಾಠ ಹೇಳಿ, ಅದನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡುವುದು ಅವರ ಹೊಸ ಉದ್ಯೋಗ. ನಮ್ಮ ಕಡೆ ಮೊಬೈಲ್ ಅಂಗಡಿಗೆ ಹೋಗಿ ಫೋನಿನ ಮೆಮೊರಿ ಕಾರ್ಡಿನಲ್ಲಿ, ನಾವು ಚಿಪ್ಪು ಅನ್ನುವುದರಲ್ಲಿ, ಹಾಡು ತುಂಬಿಸಿಕೊಳ್ಳುತ್ತಾರಲ್ಲ, ಹಾಗೆ ಇವರು ಊರು ಬಿಡುವವರ ಚಿಪ್ಪಿನಲ್ಲಿ ಪಾಠ ತುಂಬಿ ಕೊಡುತ್ತಿದ್ದರು. "ಹಾಡಿನ ಸಂಗಡ ಇದೂ ಇರಲಿ. ಅಲ್ಲಿ ಸಂಜೀಕ ಮಕ್ಕಳಿಗಿ ಹಚ್ಚಿ ಕೊಡ್ರಿ" ಎಂದು ಕೈ ಮುಗಿಯುತ್ತಿದ್ದರು. ಕೊಡುವವರೇ ಕೈ ಮುಗಿಯುವುದನ್ನು ನಾನು ಅಲ್ಲಿಯೇ ನೋಡಿದ್ದು.

"ಊರಿಗಿ ಉಪಕಾರಿ, ಮನಿಗಿ ಮಾರಿ" ಎಂದು ನಾನು ಅವರನ್ನು ಆಡಿಕೊಳ್ಳುತ್ತಿದ್ದೆ. ಬಡಿದ ರೊಟ್ಟಿ ಬುಟ್ಟಿಯಲ್ಲಿ ತಣ್ಣಗಾಗುತ್ತಿತ್ತು, ಇವರು ಬಾಗಿಲ ಆಚೆ ಯಾರಿಗೋ ಪಾಠ ಹೇಳುತ್ತಿದ್ದರು. "ರೊಟ್ಟಿ ಆರ್ಲಾಕತ್ತಾವ! ಬರ್ತೀರೋ, ನಾಯಿಗಿ ಹಾಕ್ಲೋ?" ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದೆ. "ಬಂದೆ, ಬಂದೆ" ಎನ್ನುತ್ತಿದ್ದರು. ಎರಡು ಸಲ ಅನ್ನುವುದು ಅವರ ರೂಢಿ. ಬರುತ್ತಿದ್ದದ್ದು ಮಾತ್ರ ನಾಲ್ಕನೆಯ ಕೂಗಿಗೆ. ಒಳಗೆ ಏನು ಹೇಳುತ್ತಿದ್ದರೋ ನಾನು ಕಿವಿಗೊಟ್ಟು ಕೇಳಿದವಳಲ್ಲ. ಮನೆಯಲ್ಲೇ ಇರುವ ಗಂಡನ ಮಾತನ್ನು ಬಾಗಿಲಿಗೆ ಕಿವಿ ಹಚ್ಚಿ ಕೇಳುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ?

ಬರದ ಬೇಸಿಗೆಯಲ್ಲೇ ಅವರಿಗೆ ಕಾಮಣಿಯಾಯಿತು. ಕಣ್ಣು ಹಳದಿ ತಿರುಗಿದರೂ ಪರೀಕ್ಷೆ ಮುಗಿಯಲಿ ಅಂದರು. ಬೀದರಿನ ದವಾಖಾನೆಗೆ ಒಯ್ಯುವ ಹೊತ್ತಿಗೆ ಕಾಲ ಮಿಂಚಿತ್ತು. ಬರಗಾಲದಲ್ಲಿ ಅಧಿಕ ಮಾಸ ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಹಾಗೆ ಬಂತು.

ಅವರು ಹೋದ ಮೇಲೆ ಮುಖ ಮರೆಯುತ್ತದೇನೋ ಎಂಬ ಹೆದರಿಕೆ ಇರಲಿಲ್ಲ, ಫೋಟೋಗಳಿದ್ದವು. ದನಿ ಮರೆಯುತ್ತಿತ್ತು. ಮೊದಲ ತಿಂಗಳು ಅಡುಗೆಮನೆಯಲ್ಲಿ ನಿಂತರೆ "ಬಂದೆ, ಬಂದೆ" ಕೇಳಿದಂತಾಗುತ್ತಿತ್ತು. ಬರಬರುತ್ತ ಆ ಮಾತು ನನ್ನದೇ ದನಿಯಲ್ಲಿ ಕೇಳತೊಡಗಿತು. ನನಗೆ ಗಾಬರಿಯಾಯಿತು. ಅವರದು ಬಟನ್ನಿನ ಫೋನು, ಅದರಲ್ಲಿ ಏನೂ ಇಲ್ಲ. ಮದುವೆಯ ಸಿಡಿ ಹಾಕಿ ನೋಡಿದೆ. ಅದರ ತುಂಬ ಬ್ಯಾಂಡಿನ ಸದ್ದು; ಅವರು ಬಾಯಿ ತೆರೆದು ನನಗೇನೋ ಹೇಳುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಹಾಳಾದ ಬ್ಯಾಂಡು.

ಉಳಿದದ್ದು ಆ ಪಾಠಗಳು. ಲ್ಯಾಪ್‌ಟಾಪಿನಲ್ಲಿ ಇರಲೇಬೇಕು ಎಂದು ನನಗೆ ತಿಳಿದ ಮಟ್ಟಿಗೆ ಹುಡುಕಿದೆ. ಡೆಸ್ಕ್‌ಟಾಪು, ಡಾಕ್ಯುಮೆಂಟು, ಡೌನ್‌ಲೋಡು, ಹಾಡಿನ ಜಾಗ ಎಲ್ಲ. ಸಾಲೆಯ ಸುತ್ತೋಲೆಗಳಿದ್ದವು, ಮಕ್ಕಳ ಫೋಟೋಗಳಿದ್ದವು, ದನಿ ಇರಲಿಲ್ಲ. ಡಿ ಡ್ರೈವ್ ಎಂಬುದರ ಮೇಲೂ ಒಮ್ಮೆ ಒತ್ತಿದೆ. ಇದನ್ನು ಮುಟ್ಟಬೇಡಿ, ಇಲ್ಲಿ ಏನನ್ನೂ ಅಳಿಸಬೇಡಿ ಎಂದು ಇಂಗ್ಲಿಷಿನಲ್ಲಿ ದೊಡ್ಡ ಎಚ್ಚರಿಕೆಯೇ ಬಂತು. ಅವರ ವಸ್ತು ಎಲ್ಲಿ ಕೆಡುತ್ತದೋ ಎಂದು ಹೆದರಿ ಮುಚ್ಚಿದೆ. ಮಷಿನ್ ತುಂಬಿತು, ಜಾಗ ಇಲ್ಲ ಎಂದು ಅವರು ಸದಾ ಗೊಣಗುತ್ತಿದ್ದರು. ಒಬ್ಬರ ಚಿಪ್ಪಿಗೆ ತುಂಬಿದ ಮೇಲೆ ಪಾಠ ಅಳಿಸುತ್ತಿದ್ದಿರಬೇಕು ಎಂದು ತಿಳಿದುಕೊಂಡೆ. ಹಾಗೆ ತಿಳಿದು ಅತ್ತೆ.

ಆಮೇಲೆ ಅನುಕಂಪದ ಮೇಲೆ ನನಗೆ ಭಾಲ್ಕಿಯಲ್ಲಿ ಕಚೇರಿ ಕೆಲಸ ಸಿಕ್ಕಿತು. ಬೀದರಿನ ನೌಬಾದದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಲ್ಲಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೆಲಸ ಉಳಿಯಬೇಕಾದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು, ಕನ್ನಡ ಟೈಪಿಂಗ್ ಕಲಿಯಬೇಕು. ಕಲಿಯಲು ಇದ್ದದ್ದು ಈ ಲ್ಯಾಪ್‌ಟಾಪು ಒಂದೇ. ಅದೋ, ಚಾಲೂ ಮಾಡಿ ಚಹಾ ಕುದಿಸಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಗಿರಗಿರನೆ ತಿರುಗುತ್ತಲೇ ಇರುತ್ತಿತ್ತು. ವೈರಸ್ ಕಾಯುವವನು ಒಂದು ಕಡೆ ಒದರುತ್ತಿದ್ದ. ಒಂದು ಗಂಟೆ ಮಾತ್ರ ಪುಕ್ಕಟೆ ಆಡಲು ಬಿಡುವ ಆಟಗಳು, ಏನೋ ಕೊಳ್ಳಿರಿ ಎನ್ನುವ ಅಂಗಡಿಯ ಚಿತ್ರ, ನಾವು ಕೇಳದ ಹಾಡಿನ ಪೆಟ್ಟಿಗೆ, ನಿಮಗೆ ಸಹಾಯ ಬೇಕೇ ಎಂದು ದಿನಾ ಕೇಳಿ ಒಂದು ದಿನವೂ ಸಹಾಯ ಮಾಡದ ಕಂಪನಿಯ ಕಿಟಕಿ. ಕರೆಯದೆ ಬಂದ ನೆಂಟರು, ಬಂದ ಮೇಲೆ ಹೋಗುವ ಮಾತೇ ಇಲ್ಲ. ಒಂದೊಂದನ್ನೇ ಹಿಡಿದು ತೆಗೆದೆ. ಎರಡು ತೆಗೆದರೆ ಒಂದು ವಾಪಸ್ ಬರುತ್ತಿತ್ತು. ಸಾಕುಬೇಕಾಗಿ ಬೀದರಿನ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಮಾಡುವ ಒಬ್ಬರ ಕಡೆ ಒಯ್ದೆ.

ನಡು ಹರೆಯದ ಮನುಷ್ಯ, ದಖನಿ ಬೆರೆತ ಕನ್ನಡ. ಎದೆಗೆ ಅವುಚಿಕೊಂಡು ಬಂದದ್ದನ್ನು ನೋಡಿಯೇ ಅವರಿಗೆ ಏನೋ ಹೊಳೆದಿರಬೇಕು, ಅವಸರ ಮಾಡಲಿಲ್ಲ. "ಕೂಡ್ರಿ ಅಕ್ಕಾರ. ಮೂರು ಹಾದಿ ಅವ, ಮೂರೂ ಹೇಳ್ತೇನಿ. ಯಾವುದು ಬೇಕು ನೀವೇ ಹೇಳ್ರಿ."

"ಒಂದು, ಕಂಪನಿದೇ ಹಾದಿ. ಚಾಲೂ ಆಗೋ ಮುಂದ ಒಂದು ಬಟನ್ ಒತ್ತಿದ್ರ ಖಲಾಸ್, ಡಬ್ಬಿಯಿಂದ ತೆಗೆದ ದಿನ ಹ್ಯಾಂಗಿತ್ತೋ ಹಂಗ ಆಗ್ತದ. ಖರೆ, ಆ ದಿನದ ಕಸಾನೂ ಅಷ್ಟೂ ವಾಪಸ್ ಬರ್ತದ. ಎರಡನೇದು, ವಿಂಡೋಸ್ ಒಳಗೇ ರಿಸೆಟ್ ಅಂತ ಅದ. ನಿಮ್ಮ ಫೈಲ್ ಇಟ್ಕೊಂಡು ಬಾಕಿದ್ದು ತೆಗೀತದ. ಈ ಮಷಿನ್‌ದಾಗ ಅದೂ ಕಂಪನಿ ತುಂಬಿಟ್ಟ ಗಂಟಿನಿಂದಲೇ ಎತ್ಕೊಂಡು ಬರ್ತದ, ಕಸ ಪೂರಾ ಹೋಗಲ್ಲ."

"ಮೂರನೇದು?"

"ಪೆನ್‌ಡ್ರೈವ್‌ದಾಗ ಬರೇ ವಿಂಡೋಸ್ ತಂದು, ಡಿಸ್ಕ್ ಪೂರಾ ಖಾಲಿ ಮಾಡಿ ಹೊಸದಾಗಿ ಕೂಡ್ಸೋದು. ಅದರ ಕೀ ಮಷಿನ್ ಹೊಟ್ಟ್ಯಾಗೇ ಇರ್ತದ, ಬ್ಯಾರೆ ಕೊಳ್ಳೋದು ಬ್ಯಾಡ. ವೈಫೈದು, ಟಚ್‌ಪ್ಯಾಡ್‌ದು ಡ್ರೈವರ್ ಮೊದಲೇ ತೆಗೆದಿಟ್ಕೋತೇನಿ. ಕಸ ಅನ್ನೋದು ಒಂದೂ ಇರಲ್ಲ." ನನ್ನ ಮುಖ ನೋಡಿ ಅಂದರು: "ಖರೆ, ಏನೂ ಇರಲ್ಲ."

ಮೊದಲ ಹಾದಿ ಬೇಡವೇ ಬೇಡ. ಆ ಕೆಂಪು ಪೆಟ್ಟಿಗೆಯನ್ನು ಮತ್ತೆ ಮೊದಲ ದಿನದಿಂದ ನೋಡುವ ಶಕ್ತಿ ನನಗಿರಲಿಲ್ಲ. ಎರಡನೆಯದು ಅರ್ಧಂಬರ್ಧ. ಮೂರನೆಯದಕ್ಕೆ ಮನಸ್ಸು ಹೂಂ ಅನ್ನುತ್ತಿತ್ತು, ಕೈ ಲ್ಯಾಪ್‌ಟಾಪು ಬಿಡುತ್ತಿರಲಿಲ್ಲ. ನಮ್ಮವರು ಮುಟ್ಟಿದ ಮಷಿನ್, ಒಳಗೆ ಅವರು ಜೋಡಿಸಿಟ್ಟದ್ದು ಹೇಗಿತ್ತೋ ಹಾಗೇ ಇತ್ತಲ್ಲ. ಆದರೆ ಪರೀಕ್ಷೆ ನಪಾಸಾಗಿ ಮೈದುನನ ಮನೆಯ ಮೂಲೆಯಲ್ಲಿ ಕೂರುವುದನ್ನು ಅವರಾದರೂ ಒಪ್ಪುತ್ತಿದ್ದರೇ? ಬೇಕಾದುದನ್ನೆಲ್ಲ ಪೆನ್‌ಡ್ರೈವಿಗೆ ತೆಗೆಸಿದೆ. ಸುತ್ತೋಲೆಗಳನ್ನೂ ಬಿಡಲಿಲ್ಲ.

"ಇನ್ನೇನರ ಬೇಕಾದ್ದು ಅದೇನ್ರಿ? ಈಗೇ ಹೇಳ್ರಿ. ಆಮ್ಯಾಲ ನಮ್ಮಪ್ಪ ಬಂದ್ರೂ ತೆಗೀಲಾಕ ಆಗಲ್ಲ" ಎಂದು ಅಂಗಡಿಯವರು ಮತ್ತೆ ಕೇಳಿದರು.

"ನಮ್ಮವರ ದನಿ ಇತ್ತರಿ. ಹುಡಿಕೇನಿ, ಇಲ್ಲ" ಅಂದೆ. ಅವರೂ ತಮ್ಮ ಸಮಾಧಾನಕ್ಕೆ ಸಿ ಡ್ರೈವಿನಲ್ಲಿ ಹುಡುಕಿ ನೋಡಿ ತಲೆ ಅಲ್ಲಾಡಿಸಿದರು.

ಪೆನ್‌ಡ್ರೈವ್ ಚುಚ್ಚಿ ಚಾಲೂ ಮಾಡಿದಾಗ ಡಿಸ್ಕಿನ ಪಾಲುಗಳೆಲ್ಲ ಒಂದರ ಕೆಳಗೊಂದು ಬಂದವು. ನಮ್ಮ ಕಡೆ ಕಂಪ್ಯೂಟರ್ ಕಲಿತವರಿಗೆಲ್ಲ ಮೊದಲ ಪಾಠವೇ ಒಂದು: ಸಿ ಹೋಗ್ತದ, ಡಿ ಉಳೀತದ. ಅಂಗಡಿಯವರು ಹೊಸ ಮಷಿನ್ ಕೂಡಿಸುವಾಗಲೇ ಎರಡು ಪಾಲು ಮಾಡಿ, ಜೀವದಂಥ ವಸ್ತು ಇದ್ದರೆ ಡಿಯಲ್ಲಿಡಿ ಎಂದು ಹೇಳಿ ಕೊಡುತ್ತಾರೆ. ಕಚೇರಿಯಲ್ಲಿ ನನಗೂ ಹಾಗೇ ಹೇಳಿದ್ದರು. ಅದಕ್ಕೇ ಕೇಳಿದೆ, "ಡಿ ಉಳಿಸ್ಬೇಕಲ್ಲೇನ್ರಿ?"

"ಇದು ಆ ಡಿ ಅಲ್ರಿ ಅಕ್ಕಾರ. ನಾವು ಮಾಡಿಕೊಡೋ ಡಿ ಬ್ಯಾರೆ. ಇದು ಕಂಪನಿ ತನ್ನ ಸಲುವಾಗಿ ಇಟ್ಕೊಂಡ ಪಾಲು. ಆ ಕಸದ ಬೇರು ಇದರಾಗೇ ಅದ. ಇದನ್ನ ಬಿಟ್ರ ನಾಳೆ ಮತ್ತ ಚಿಗೀತದ. ಇದರಾಗ ಏನರ ಇಟ್ಟಿರೇನು?"

ಒತ್ತಿದಾಗ ಬಂದ ಎಚ್ಚರಿಕೆಯ ಮಾತು ಹೇಳಿದೆ. "ಅದರ ಪಟ್ಟಿ ಸದಾ ತುಂಬಿ ಕೆಂಪಗಿರ್ತಿತ್ತರಿ" ಎಂದೂ ಅಂದೆ.

"ಹುಟ್ಟಿದಾಗಿಂದ್ಲೇ ಕೆಂಪ ಇರ್ತದ್ರಿ ಅದು. ಯಾರೂ ಏನೂ ಇಡಬಾರದಂತ್ಲೇ ಹಂಗ ಒದರ್ತದ."

ನಮ್ಮ ರೊಕ್ಕದ ಮಷಿನ್ನಿನಲ್ಲಿ ಇವರದೇನು ಪಾಲು ಎಂದು ನನಗೆ ಮೈ ಉರಿಯಿತು. "ಬೇರು ಸಮೇತ ಕೀಳ್ರಿ" ಅಂದೆ. ಅವರು ಒಂದೊಂದೇ ಪಾಲನ್ನು ಅಳಿಸಿದರು. ಕೊನೆಗೆ ಒಂದೇ ಒಂದು ಸಾಲು ಉಳಿಯಿತು, ಹಂಚದ ಜಾಗ ಎಂದು. ಆಮೇಲೆ ವಿಂಡೋಸ್ ಕೂತಿತು, ಹೆಸರೇನು ಎಂದು ಕೇಳಿತು. ಮೊದಲು ಅಲ್ಲಿ ನಮ್ಮವರ ಹೆಸರಿತ್ತು. ಅಂಗಡಿಯವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು ಬರೆದೆ.

ಮಷಿನ್ ಮಾತ್ರ ಹರೆಯ ಬಂದ ಹಾಗೆ ಓಡಿತು. ಯಾರೂ ಒದರಲಿಲ್ಲ, ಏನೂ ಕೊಳ್ಳಿರಿ ಅನ್ನಲಿಲ್ಲ. ಟೈಪಿಂಗ್ ಕಲಿತೆ, ಪರೀಕ್ಷೆ ಪಾಸಾದೆ. ಪಾಸಾದ ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು, ನೋಡ್ರಿ, ಎಷ್ಟು ಚೆಂದ ಆಗ್ಯದ ಎಂದು ಗಟ್ಟಿಯಾಗಿ ಅವರಿಗೆ ಹೇಳಿದೆ. ಒಬ್ಬಳೇ ಇರುವವಳಿಗೆ ಇದೆಲ್ಲ ನಡೆಯುತ್ತದೆ.

ಮರು ವರ್ಷ ಒಂದಿಷ್ಟು ಮಳೆ ಹಿಡಿಯಿತು. ಎಳ್ಳಮವಾಸೆಗೆ ಕುಶನೂರಿನ ನಮ್ಮ ಹೊಲಕ್ಕೆ ಹೋದೆ. ಆ ದಿನ ಬೀದರ್ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ದುಡಿಯಲು ಹೋದವರೂ ಊರಿಗೆ ಬಂದು, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಹೊತ್ತು ಹೊಲಕ್ಕೆ ಹೋಗುತ್ತಾರೆ. ಕಂಡವರನ್ನೆಲ್ಲ ಕರೆದು ಕೂಡಿಸಿ ಬಡಿಸುತ್ತಾರೆ. ನಾನು ಬಡಿಸುತ್ತಿದ್ದಾಗ ಬದುವಿನ ಮೇಲೆ ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಂದಳು. ಬರದ ವರ್ಷ ಟ್ಯಾಂಕರಿನ ಸಾಲಿನಲ್ಲಿ ನನ್ನ ಹಿಂದೆ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದವಳು. ಆಮೇಲೆ ಹೈದರಾಬಾದಿಗೆ ಹೋಗಿದ್ದಳು.

"ಸರ್ ಸುದ್ದಿ ಅಲ್ಲ್ಯಾಗೇ ಕೇಳಿದ್ವಿರಿ ಬಾಯಾರ. ಬರ್ಲಾಕ ಆಗ್ಲಿಲ್ಲ" ಎಂದು ಕೈ ಹಿಡಿದುಕೊಂಡಳು. ಉಂಡಾದ ಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಚಿಪ್ಪು ತೆಗೆದಳು. "ಫೋನ್ ಸಿಮೆಂಟ್ ನೀರಾಗ ಬಿತ್ತರಿ. ಹಳೇ ಚಿಪ್ಪು ಸತ್ತದಂತ, ಇದು ಹೊಸದರಿ. ಒಂದೀಟು ಮತ್ತ ಹಾಕಿ ಕೊಡ್ರಿ ಬಾಯಾರ, ನಾಳೆ ಪುಣೆಕ್ಕ ಹೊಂಟೀವಿ."

"ಏನು ಹಾಕಿ ಕೊಡ್ಲವ್ವಾ?"

"ಸರ್ ಪಾಠ. ಅವರೇ ಹೇಳಿದ್ರಲ್ಲರಿ, ಚಿಪ್ಪು ಕೆಟ್ರ ಹೆದರಬ್ಯಾಡ್ರಿ, ನನ್ನ ಕಡಿ ಎಲ್ಲಾ ಡಿದಾಗ ಇಟ್ಟೇನಿ ಅಂತ. ಡಿ ಅಂದ್ರ ಹಗೇವು ಇದ್ದಂಗ, ಮನಿ ಸುಟ್ರೂ ಹಗೇವಿನ ಜ್ವಾಳ ಸುಡಲ್ಲ ಅಂತ."

ಹಗೇವು ಅಂದರೆ ನೆಲದೊಳಗೆ ತೋಡಿ ಕಾಳು ಇಡುವ ಗುಂಡಿ. ನಮ್ಮ ಹಳೆಯ ಮನೆಯ ಮುಂದೆಯೂ ಒಂದಿತ್ತು. ನನ್ನ ಕೈಯಲ್ಲಿ ಅಂಬಲಿಯ ಸವಟು ಇತ್ತು. ಅದನ್ನು ಗಡಿಗೆಯಲ್ಲಿ ಬಿಟ್ಟು ಅಲ್ಲೇ ಮಣ್ಣಿನ ಮೇಲೆ ಕುಳಿತೆ. ಭಾಲ್ಕಿಯಲ್ಲಿ ಮಾಸ್ತರರಿಗೆ ಕೊಟ್ಟ ಕಂಪ್ಯೂಟರ್ ತರಬೇತಿಯಲ್ಲಿ ಅವರಿಗೂ ಅದೇ ಪಾಠ ಹೇಳಿದ್ದರು, ಸಿ ಹೋಗ್ತದ, ಡಿ ಉಳೀತದ. ಕಂಪನಿಯ ಎಚ್ಚರಿಕೆಯನ್ನು ಪಕ್ಕಕ್ಕೆ ಸರಿಸಿ, ಉಳಿದಿದ್ದ ಚೂರು ಜಾಗದಲ್ಲಿ ಪಾಠಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ. ಉಳಿಯಲೆಂದೇ ಇಟ್ಟದ್ದು. ಕಸದ ನಡುವೆ ಇಟ್ಟದ್ದು, ಕಸದ ಸಂಗಡ ಹೋಯಿತು. ಯಾರನ್ನು ಬೈಯಲಿ? ಅಂಗಡಿಯವರು ಕೇಳಿ ಕೇಳಿ ಅಳಿಸಿದ್ದರು. ಕಂಪನಿಗೆ ನನ್ನ ಬೈಗುಳ ಎಲ್ಲಿ ಮುಟ್ಟುತ್ತದೆ? ಸತ್ತವರ ಮೇಲೆಯೇ ಸಿಟ್ಟು ಬಂತು. ಊರಿಗೆಲ್ಲ ಹೇಳಿದ ಮಾತನ್ನು ಮನೆಯಲ್ಲಿ ನನಗೊಂದು ಹೇಳಬಾರದಿತ್ತೇ?

"ಇಲ್ಲವ್ವಾ, ಅದು ಹೋಯ್ತು. ಡಿ ಪೂರಾ ಹೋಯ್ತು" ಅಂದೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ತಡೆಯಲು ಹೋಗಲಿಲ್ಲ.

ಅವಳು ಚಿಪ್ಪನ್ನು ಮತ್ತೆ ಗಂಟು ಹಾಕಿಕೊಂಡಳು. "ಅಳಬ್ಯಾಡ್ರಿ ಬಾಯಾರ. ಇಕಿಗಿ ಬಾಯಿಪಾಠ ಅದ. ಅಲ್ಲಿ ದಿನಾ ಅನ್ತಿದ್ದಳು. ಅನ್ನು ಬೇ, ಬಾಯಾರ ಮುಂದ ಅನ್ನು" ಎಂದು ಮಗಳನ್ನು ಮುಂದೆ ನೂಕಿದಳು.

ಹುಡುಗಿ ಕೈ ಕಟ್ಟಿ ನಿಂತಳು. ಮೊದಲು ಗಂಟಲು ಕೆಮ್ಮಿ ಸರಿಮಾಡಿಕೊಂಡಳು, ಅದೂ ಪಾಠದಲ್ಲೇ ಇದ್ದದ್ದು. ಅವರದೇ ಕೆಮ್ಮು.

"ಹ್ಞಾಂ, ಮಕ್ಕಳ್ರ್ಯಾ. ಮುಂಜಾನಿ ಎದ್ದು ಹೊತ್ತು ಹುಟ್ಟೋ ಕಡಿ ಮಾರಿ ಮಾಡಿ ನಿಂದರ್ರಿ. ಎದುರಿಗಿ ಪೂರ್ವ, ಬೆನ್ನಿಗಿ ಪಶ್ಚಿಮ, ಎಡಗೈಗಿ ಉತ್ತರ, ಬಲಗೈಗಿ ದಕ್ಷಿಣ. ಈಗ ಹೈದ್ರಾಬಾದದಾಗ ಇದ್ದೋರು ಎಡಗೈ ಚಾಚ್ರಿ. ಒಂಚೂರು ಹಿಂದಕ್ಕ ಒಯ್ರಿ. ಅಲ್ಲಿ, ಎಡಗೈಗೂ ಬೆನ್ನಿಗೂ ನಡುವ, ನಮ್ಮೂರು ಅದ. ಎಲ್ಲೀ ಹೋಗಿಲ್ಲ, ಅಲ್ಲೇ ಅದ. ಇನ್ನ ಪುಣೆದಾಗ ಇದ್ದೋರು..."

ಅಲ್ಲಿ ನಿಲ್ಲಿಸಿ ಅವ್ವನ ಮುಖ ನೋಡಿದಳು. ಅನ್ನು ಎಂದು ಅವ್ವ ಕಣ್ಸನ್ನೆ ಮಾಡಿದಳು. ಹುಡುಗಿ ದನಿ ತಗ್ಗಿಸಿ, "ರೊಟ್ಟಿ ಆರ್ಲಾಕತ್ತಾವ, ಬರ್ತೀರೋ, ನಾಯಿಗಿ ಹಾಕ್ಲೋ" ಅಂದಳು. ಆಮೇಲೆ ಮತ್ತೆ ಅವರ ದನಿಗೆ ತಿರುಗಿದಳು: "ಬಂದೆ, ಬಂದೆ. ಎರಡು ತುತ್ತು ತಿಂದು ಬರ್ತೇನಿ ಮಕ್ಕಳ್ರ್ಯಾ. ಅಲ್ಲೀತನಾ ಹಂಗೇ ನಿಂದರ್ರಿ."

"ಆಮ್ಯಾಲ?" ಅಂದೆ.

"ಅಷ್ಟೇ ರಿ. ಚಿಪ್ಪಿನಾಗ ಅಷ್ಟೇ ಹಿಡೀತು. ಮುಂದಿಂದು ಬಂದು ಹಾಕಿಸ್ಕೋರಿ ಅಂದಿದ್ರು." ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. "ಸರ್ ಉಂಡು ಬಂದು ಏನಂದ್ರುರಿ? ಪುಣೆದಾಗ ನಾ ಎತ್ತ ತಿರುಗಿ ನಿಂದರಬೇಕು?"

ಅವರು ಉಂಡದ್ದು ಗೊತ್ತು, ಕೈ ತೊಳೆದು ಮತ್ತೆ ಒಳಗೆ ಹೋದದ್ದೂ ಗೊತ್ತು. ಬಾಗಿಲ ಆಚೆ ಏನಂದರೋ ಗೊತ್ತಿಲ್ಲ. ಪುಣೆಯ ಬಸ್ಸು ಹೊತ್ತು ಮುಳುಗುವ ಕಡೆ ಹೋಗುತ್ತದೆ, ಅಷ್ಟು ಲೆಕ್ಕ ನನಗೂ ಬರುತ್ತದೆ. "ಪುಣೆದಾಗ ತಿರುಗೋದೇ ಬ್ಯಾಡವ್ವಾ. ಹೊತ್ತು ಹುಟ್ಟೋ ಕಡಿ ಮಾರಿ ಮಾಡಿ ನಿಂತ್ರ ಎದುರಿಗೇ ನಮ್ಮೂರು" ಅಂದೆ.

"ಸರ್ ಹಿಂಗೇ ಅಂದಿದ್ರೇನ್ರಿ?"

"ಗೊತ್ತಿಲ್ಲವ್ವಾ. ನಾ ಕೇಳಿಲ್ಲ."

ಹುಡುಗಿಗೆ ಸಮಾಧಾನವಾಗಲಿಲ್ಲ. ಹುಬ್ಬು ಗಂಟು ಹಾಕಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಮ್ಮೆ ಅನ್ನು, ಮೊದಲಿಂದ ಅನ್ನು ಎಂದೆ. ಅವಳು ಕೆಮ್ಮಿ ಶುರು ಮಾಡಿದಳು. ಪೂರ್ವ, ಪಶ್ಚಿಮ, ಎಡಗೈ, ಬೆನ್ನು, ಎಲ್ಲವೂ ಬಂತು. ನನ್ನ ಮಾತು ಬಂದಾಗ ಮತ್ತೆ ದನಿ ಸಣ್ಣದಾಯಿತು.

"ಜೋರ್ಲೆ ಅನ್ನವ್ವಾ" ಅಂದೆ. "ನಾ ಹಂಗ ಮೆಲ್ಲಕ ಕರೀತಿರ್ಲಿಲ್ಲ."

ಹುಡುಗಿ ಕಣ್ಣು ಮುಚ್ಚಿ, ಹೊಲದ ಆ ಬದುವಿನವರೂ ತಿರುಗಿ ನೋಡುವ ಹಾಗೆ ಕೂಗಿದಳು. ಆಮೇಲೆ ದನಿ ಇಳಿಸಿ, ಅವರು ಅನ್ನುತ್ತಿದ್ದ ಹಾಗೇ, ಎರಡು ಸಲ, "ಬಂದೆ, ಬಂದೆ" ಅಂದಳು.